ಹುಟ್ಟಲಿರುವ ಮಗು ಮತ್ತು ಜೆ. ಬಿ. ಎಸ್. ಹಾಲ್ಡೇನ್

ತಮಗೆ ಹುಟ್ಟಲಿರುವ ಮಗು ಆರೋಗ್ಯವಂತವಾಗಿರಲಿ, ಬುದ್ಧಿಶಾಲಿಯಾಗಿರಲಿ ಎಂದು ಹಾರೈಸದ ತಂದೆತಾಯಿಯರಿಲ್ಲ. ಸಹಸ್ರಾರು ವರ್ಷಗಳ ಕಾಲ ಅದು ಕೇವಲ ಹಾರೈಕೆಯಾಗಿಯೇ ಉಳಿದಿತ್ತು. ಹರಕೆ ಹೊರುವುದು, ಹಿರಿಯರ ಆಶೀರ್ವಾದ ಬೇಡುವುದು, ಗರ್ಭಿಣಿಯನ್ನು ಅಕ್ಕರೆಯಿಂದ ನೋಡಿಕೊಳ್ಳುವುದು, ಇಷ್ಟೇ ಮನುಷ್ಯನ ಕೈಯಲ್ಲಿದ್ದ ಸಾಧನಗಳು. ಇಪ್ಪತ್ತನೆಯ ಶತಮಾನದಲ್ಲಿ ಈ ಹಾರೈಕೆ ಪ್ರಯೋಗಶಾಲೆಯ ಬಾಗಿಲನ್ನು ತಟ್ಟಿತು. ಬೇಕಾದ ಗುಣಗಳ ಶಿಶುವನ್ನು ಆರಿಸಿಕೊಳ್ಳುವ, ಬೇಡವಾದದ್ದನ್ನು ಹುಟ್ಟುವ ಮೊದಲೇ ತಡೆಯುವ ವಿಚಾರ ವಿದ್ವಾಂಸರ ಚರ್ಚೆಗೆ ಬಂದಿತು. ಇಂಥ ಕಾಲ ಬರಲಿದೆಯೆಂದು ಬಹು ಮುಂಚೆಯೇ ಕಂಡು, ಅದನ್ನು ಉತ್ಸಾಹದಿಂದ ಸಾರಿ, ಮುಂದೆ ತಮ್ಮದೇ ಲೆಕ್ಕಾಚಾರದಿಂದ ಆ ಉತ್ಸಾಹಕ್ಕೆ ಕಡಿವಾಣ ಹಾಕಿದವರು ಜಾನ್ ಬರ್ಡನ್ ಸ್ಯಾಂಡರ್ಸನ್ ಹಾಲ್ಡೇನ್. ಇಂಗ್ಲೆಂಡಿನಲ್ಲಿ ಜನಿಸಿ, ಭಾರತದ ಪ್ರಜೆಯಾಗಿ, ಒಡಿಶಾದ ಭುವನೇಶ್ವರದಲ್ಲಿ ಕೊನೆಯುಸಿರೆಳೆದ ಈ ವಿಜ್ಞಾನಿಯ ಜೀವನವು ಜ್ಞಾನಕ್ಕೂ ವಿವೇಕಕ್ಕೂ ಇರುವ ಅಂತರವನ್ನು ತಿಳಿಯಬಯಸುವವರಿಗೆ ಒಂದು ಪಾಠವಾಗಿದೆ.

ಹಾಲ್ಡೇನರು 1892ರ ನವೆಂಬರ್ 5ರಂದು ಆಕ್ಸ್‌ಫರ್ಡಿನಲ್ಲಿ ಜನಿಸಿದರು. ಅವರದು ಸ್ಕಾಟ್ಲೆಂಡಿನ ಪ್ರಾಚೀನ ಮನೆತನ. ತಂದೆ ಜಾನ್ ಸ್ಕಾಟ್ ಹಾಲ್ಡೇನರು ಉಸಿರಾಟದ ಕ್ರಿಯೆಯನ್ನು ಕುರಿತು ಸಂಶೋಧನೆ ನಡೆಸಿದ ಪ್ರಖ್ಯಾತ ಶರೀರಶಾಸ್ತ್ರಜ್ಞರು. ಗಣಿ ಕಾರ್ಮಿಕರ ಪ್ರಾಣವನ್ನು ತೆಗೆಯುತ್ತಿದ್ದ ವಿಷವಾಯುಗಳನ್ನು ಅರಿಯಲು ಅವರು ಸ್ವತಃ ಗಣಿಗಳಿಗೆ ಇಳಿಯುತ್ತಿದ್ದರು, ಬಾಲಕನಾದ ಮಗನನ್ನೂ ಜೊತೆಯಲ್ಲಿ ಕರೆದೊಯ್ಯುತ್ತಿದ್ದರು. ಒಮ್ಮೆ ಗಣಿಯ ಮಾಡಿನ ಬಳಿ ಅನಿಲ ಶೇಖರವಾಗಿದ್ದ ಕಡೆ ಮಗನನ್ನು ನಿಲ್ಲಿಸಿ, ಷೇಕ್ಸ್‌ಪಿಯರನ ನಾಟಕದಲ್ಲಿ ಮಾರ್ಕ್ ಆಂಟನಿ ಆಡುವ ಭಾಷಣವನ್ನು ಹೇಳಿಸಿದರಂತೆ. ಕೆಲವು ಸಾಲುಗಳಾಗುವಷ್ಟರಲ್ಲಿ ಬಾಲಕನಿಗೆ ಉಸಿರು ಕಟ್ಟಿ ಕಾಲು ಕುಸಿಯಿತು. ನೆಲದ ಮಟ್ಟದ ಗಾಳಿ ಶುದ್ಧವಾಗಿದ್ದುದರಿಂದ ಬಿದ್ದೊಡನೆ ಚೇತರಿಸಿಕೊಂಡನು. ಆ ಅನಿಲವು ಗಾಳಿಗಿಂತ ಹಗುರವೆಂಬ ಸಂಗತಿಯನ್ನು ಅವನು ಮತ್ತೆಂದೂ ಮರೆಯಲಿಲ್ಲ. ಪ್ರಯೋಗದ ಅಪಾಯವನ್ನು ಪರರ ಮೇಲೆ ಹೊರಿಸದೆ ತನ್ನ ಮೈಮೇಲೆಯೇ ತಂದುಕೊಳ್ಳಬೇಕೆಂಬ ನಿಯಮವು ಹೀಗೆ ಎಳವೆಯಲ್ಲಿಯೇ ಅವರಿಗೆ ಮನದಟ್ಟಾಯಿತು. 1939ರಲ್ಲಿ ಥೀಟಿಸ್ ಎಂಬ ಬ್ರಿಟಿಷ್ ಜಲಾಂತರ್ಗಾಮಿ ಮುಳುಗಿ 99 ಜನ ಮಡಿದಾಗ, ಅವರ ಸಾವಿನ ಕಾರಣವನ್ನು ತಿಳಿಯಲು ಹಾಲ್ಡೇನರು ತಾವೇ ಉಕ್ಕಿನ ಕೋಣೆಯೊಳಗೆ ಕುಳಿತು ದೂಷಿತ ವಾಯುವನ್ನು ಸೇವಿಸಿದರು. ಇಂಥ ಪ್ರಯೋಗಗಳಿಂದ ಅವರ ಬೆನ್ನುಮೂಳೆಗೆ ಆದ ಪೆಟ್ಟು ಜೀವನಪರ್ಯಂತ ಬಾಧಿಸಿತು.

ಈಟನ್ ಶಾಲೆಯಲ್ಲಿಯೂ ಆಕ್ಸ್‌ಫರ್ಡಿನಲ್ಲಿಯೂ ಶಿಕ್ಷಣ ಪಡೆದ ಅವರು ಗಣಿತವನ್ನೂ ಗ್ರೀಕ್, ಲ್ಯಾಟಿನ್ ಸಾಹಿತ್ಯವನ್ನೂ ವ್ಯಾಸಂಗ ಮಾಡಿದರು. ಜಗತ್ತಿನ ಶ್ರೇಷ್ಠ ಜೀವವಿಜ್ಞಾನಿಗಳಲ್ಲಿ ಒಬ್ಬರೆನಿಸಿದ ಅವರಿಗೆ ವಿಜ್ಞಾನದ ಪದವಿಯೇ ಇರಲಿಲ್ಲವೆಂಬುದು ಅಧ್ಯಾಪಕರು ಗಮನಿಸಬೇಕಾದ ಸಂಗತಿ. ಅನುವಂಶಿಕತೆಯ ಮೊದಲ ಪಾಠವನ್ನು ಅವರು ಮನೆಯಲ್ಲಿಯೇ ಕಲಿತರು. ತಂಗಿ ನವೋಮಿಯೊಡನೆ ಗಿನಿಹಂದಿಗಳನ್ನೂ ಇಲಿಗಳನ್ನೂ ಸಾಕಿ, ಮರಿಗಳ ಬಣ್ಣ ಪೀಳಿಗೆಯಿಂದ ಪೀಳಿಗೆಗೆ ಹೇಗೆ ಇಳಿಯುವುದೆಂಬುದನ್ನು ಲೆಕ್ಕವಿಟ್ಟರು. ಅಷ್ಟರಲ್ಲಿ ಮಹಾಯುದ್ಧ ಪ್ರಾರಂಭವಾಯಿತು. ಇಲಿಗಳ ಸಂಶೋಧನೆಯಲ್ಲಿ ಜೊತೆಗಾರರಾಗಿದ್ದ ಗೆಳೆಯರೊಬ್ಬರು ರಣರಂಗದಲ್ಲಿ ಮಡಿದರು. ಮೂವರ ಹೆಸರಿನಲ್ಲಿ ಆ ಪ್ರಬಂಧ 1915ರಲ್ಲಿ ಪ್ರಕಟವಾಯಿತು. ಸೇನೆಗೆ ಸೇರಿದ್ದ ಹಾಲ್ಡೇನರು ಫ್ರಾನ್ಸಿನಲ್ಲಿ ಒಮ್ಮೆ, ಮೆಸಪೊಟೇಮಿಯದಲ್ಲಿ ಮತ್ತೊಮ್ಮೆ ಗಾಯಗೊಂಡರು. ಎರಡನೆಯ ಸಲ ಚಿಕಿತ್ಸೆಗಾಗಿ ಅವರನ್ನು ಭಾರತಕ್ಕೆ ಕಳುಹಿಸಲಾಯಿತು. ಈ ದೇಶದ ಪ್ರಥಮ ಪರಿಚಯ ಅವರಿಗಾದುದು ಹೀಗೆ.

ಯುದ್ಧಾನಂತರ ಕೇಂಬ್ರಿಜ್ ವಿಶ್ವವಿದ್ಯಾಲಯವನ್ನು ಸೇರಿದ ಹಾಲ್ಡೇನರು 1923ರ ಫೆಬ್ರವರಿ 4ರಂದು ಅಲ್ಲಿನ ಒಂದು ಚರ್ಚಾಸಂಘದಲ್ಲಿ ಪ್ರಬಂಧವೊಂದನ್ನು ಓದಿದರು. ಅದೇ ವರ್ಷ ಅದು ಪುಸ್ತಕರೂಪದಲ್ಲಿ ಬಂದಿತು. ಗ್ರೀಕ್ ಪುರಾಣದ ಶಿಲ್ಪಿ ಡೇಡಲಸನ ಹೆಸರನ್ನೇ ಅದಕ್ಕೆ ಇಡಲಾಗಿತ್ತು. ಮನುಷ್ಯ ಶಿಶುವನ್ನು ತಾಯಿಯ ಗರ್ಭದ ಹೊರಗೆ ಬೆಳೆಸುವ ವಿಧಾನವನ್ನು ಅದರಲ್ಲಿ ಅವರು ಕಲ್ಪಿಸಿದರು. ಅಂಥ ಮೊದಲ ಶಿಶು 1951ರಲ್ಲಿ ಜನಿಸುವುದೆಂದೂ, ಕಾಲಕ್ರಮದಲ್ಲಿ ಹೆಚ್ಚಿನ ಮಕ್ಕಳು ಹೀಗೆಯೇ ಹುಟ್ಟುವರೆಂದೂ, ಮುಂದಿನ ಪೀಳಿಗೆಗೆ ತಂದೆತಾಯಿಯರಾಗಲು ಉತ್ತಮರಾದ ಕೆಲವರನ್ನು ಮಾತ್ರ ಆರಿಸಲಾಗುವುದೆಂದೂ ಚಿತ್ರಿಸಿದರು. ಜೀವಶಾಸ್ತ್ರದ ಪ್ರತಿಯೊಂದು ಹೊಸ ಆವಿಷ್ಕಾರವೂ ಮೊದಲು ಪ್ರಕೃತಿವಿರುದ್ಧವೆಂದು ತೋರಿ, ಕಡೆಗೆ ಸಂಪ್ರದಾಯವಾಗಿ ಬಿಡುವುದೆಂಬುದು ಅವರ ಅಂದಿನ ವಾದ. ಆಗ ಅವರಿಗೆ ಮೂವತ್ತು ವರ್ಷ ವಯಸ್ಸು.

ಈ ಪುಸ್ತಕ ಸದ್ದು ಮಾಡಿತು. ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲರು 1924ರಲ್ಲಿ ಡೇಡಲಸನ ಮಗ ಇಕಾರಸನ ಹೆಸರಿನಲ್ಲಿ ಮತ್ತೊಂದು ಪುಸ್ತಕ ಬರೆದು ಉತ್ತರಕೊಟ್ಟರು. ವಿಜ್ಞಾನ ನೀಡುವ ಶಕ್ತಿಯು ಜನರ ಸುಖಕ್ಕಿಂತ ಅಧಿಕಾರದಲ್ಲಿರುವವರ ಇಚ್ಛೆಗೇ ಒದಗುವುದೆಂದು ಅವರು ಶಂಕಿಸಿದರು. 1932ರಲ್ಲಿ ಆಲ್ಡಸ್ ಹಕ್ಸ್‌ಲಿಯವರ ಪ್ರಸಿದ್ಧ ಕಾದಂಬರಿ ಹೊರಬಂದಿತು. ಸೀಸೆಗಳಲ್ಲಿ ಶಿಶುಗಳನ್ನು ಬೆಳೆಸಿ, ಹುಟ್ಟುವ ಮುನ್ನವೇ ಅವರ ದರ್ಜೆಯನ್ನು ಗೊತ್ತುಮಾಡುವ ಸಮಾಜದ ಕಥೆ ಅದು. ಹಾಲ್ಡೇನರು ಸ್ವರ್ಗವೆಂದು ಬರೆದುದರಲ್ಲಿ ಹಕ್ಸ್‌ಲಿಯವರು ನರಕವನ್ನು ಕಂಡರು.

ಇದು ಪುಸ್ತಕಗಳ ವಿವಾದವಾಗಿ ಮಾತ್ರ ಉಳಿಯಲಿಲ್ಲ. ಚಾರ್ಲ್ಸ್ ಡಾರ್ವಿನರ ಬಂಧುವಾದ ಫ್ರಾನ್ಸಿಸ್ ಗಾಲ್ಟನರು ಸುಪ್ರಜನನ ಶಾಸ್ತ್ರಕ್ಕೆ 1883ರಲ್ಲಿಯೇ ನಾಮಕರಣ ಮಾಡಿದ್ದರು. ಉತ್ತಮರು ಹೆಚ್ಚು ಮಕ್ಕಳನ್ನು ಪಡೆಯಬೇಕು, ಅಧಮರು ಕಡಿಮೆ ಪಡೆಯಬೇಕು ಎಂಬುದು ಅದರ ಸಾರ. ಉತ್ತಮರು ಯಾರೆಂಬುದನ್ನು ನಿರ್ಣಯಿಸುವವರು ತಾವೇ ಎಂಬುದರಲ್ಲಿ ಆ ಶಾಸ್ತ್ರದ ಪ್ರತಿಪಾದಕರಿಗೆ ಸಂದೇಹವಿರಲಿಲ್ಲ. 1907ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯ ಕಡ್ಡಾಯ ಸಂತಾನಹರಣದ ಕಾನೂನನ್ನು ಮಾಡಿತು. ಅನೇಕ ರಾಜ್ಯಗಳು ಅದನ್ನು ಅನುಸರಿಸಿದವು. ಆ ದೇಶದಲ್ಲಿ ಒಟ್ಟು 60,000ಕ್ಕೂ ಹೆಚ್ಚು ಜನ ಈ ಶಸ್ತ್ರಕ್ರಿಯೆಗೆ ಗುರಿಯಾದರು. ಮಂದಬುದ್ಧಿಯವರು, ಮೂರ್ಛೆರೋಗಿಗಳು, ಕೇವಲ ಬಡವರು ಕೂಡ ಅವರಲ್ಲಿದ್ದರು. 1933ರಲ್ಲಿ ಹಿಟ್ಲರನ ಜರ್ಮನಿಯು ಇಂಥದೇ ಕಾನೂನನ್ನು ಮಾಡಿ ಸುಮಾರು 4 ಲಕ್ಷ ಜನರ ಸಂತಾನಶಕ್ತಿಯನ್ನು ನಾಶಮಾಡಿತು.

ಹಾಲ್ಡೇನರು ಅದೇ 1933ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಪ್ರಾಧ್ಯಾಪಕರಾಗಿ ಬಂದರು. ಗಾಲ್ಟನರ ಹೆಸರಿನ ಪ್ರಯೋಗಾಲಯವಿದ್ದ ವಿದ್ಯಾಸಂಸ್ಥೆ ಅದು. ಜರ್ಮನಿಯಿಂದ ಹೊರದೂಡಲ್ಪಟ್ಟ ಯೆಹೂದಿ ವಿಜ್ಞಾನಿಗಳಿಗೆ ಅವರು ಆಸರೆ ಒದಗಿಸಿದರು. ಮೌಸ್ ಇಲಿಗಳ ಅನುವಂಶಿಕತೆಯಲ್ಲಿ ಮುಂದೆ ಹೆಸರಾದ ಹಾನ್ಸ್ ಗ್ರೂನ್‌ಬರ್ಗರು ಅವರಲ್ಲೊಬ್ಬರು. ಸುಪ್ರಜನನದ ವಾದವನ್ನು ಹಾಲ್ಡೇನರು ಆವೇಶದಿಂದ ಎದುರಿಸಲಿಲ್ಲ, ಗಣಿತದಿಂದ ಎದುರಿಸಿದರು. ಹತ್ತು ಸಾವಿರ ಜನರಲ್ಲಿ ಒಬ್ಬರಿಗೆ ಒಂದು ಅನುವಂಶಿಕ ರೋಗವಿದೆಯೆನ್ನೋಣ. ತಂದೆಯಿಂದಲೂ ತಾಯಿಯಿಂದಲೂ ದೋಷದ ವಂಶವಾಹಿ ಬಂದರೆ ಮಾತ್ರ ಆ ರೋಗ ಕಾಣಿಸುವುದು. ಹಾಗಾದರೆ ಒಂದೇ ಕಡೆಯಿಂದ ಅದನ್ನು ಪಡೆದು, ತಾವು ಆರೋಗ್ಯವಂತರಾಗಿಯೇ ಇರುವವರು ಸುಮಾರು ಐವತ್ತಕ್ಕೆ ಒಬ್ಬರಿರುತ್ತಾರೆ. ಅಂದರೆ ಒಬ್ಬ ರೋಗಿಗೆ ಸುಮಾರು ಇನ್ನೂರು ಮಂದಿ ಅಜ್ಞಾತ ವಾಹಕರು. ರೋಗಿಗಳೆಲ್ಲರಿಗೂ ಸಂತಾನವಾಗದಂತೆ ತಡೆದರೂ ಆ ವಂಶವಾಹಿಯ ಪ್ರಮಾಣ ಅರ್ಧಕ್ಕೆ ಇಳಿಯಲು ನೂರು ತಲೆಮಾರು, ಎಂದರೆ ಎರಡೂವರೆ ಸಾವಿರ ವರ್ಷಗಳಿಗೂ ಮಿಕ್ಕ ಕಾಲ ಬೇಕು. ಕತ್ತರಿ ಹಿಡಿದವರ ಕುಟುಂಬಗಳಲ್ಲಿಯೇ ಅದು ಗುಪ್ತವಾಗಿ ಹರಿಯುತ್ತಿರಬಹುದು.

ಕುಸುಮರೋಗವೆಂದು ಹೆಸರಾದ ಹಿಮೋಫಿಲಿಯವನ್ನು ಕುರಿತ ಅವರ ಸಂಶೋಧನೆ ಇನ್ನೊಂದು ಸತ್ಯವನ್ನು ಹೊರಗೆಡವಿತು. ಗಾಯವಾದರೆ ರಕ್ತ ಹೆಪ್ಪುಗಟ್ಟದ ಈ ರೋಗವನ್ನು ಸಾಮಾನ್ಯವಾಗಿ ತಾಯಂದಿರು ತಮಗೆ ತೊಂದರೆಯಿಲ್ಲದೆ ಹೊತ್ತು ಗಂಡುಮಕ್ಕಳಿಗೆ ದಾಟಿಸುತ್ತಾರೆ. ಹಿಂದಿನ ಕಾಲದಲ್ಲಿ ರೋಗಿಗಳಲ್ಲಿ ಬಹುಮಂದಿ ಸಂತಾನವಿಲ್ಲದೆಯೇ ಎಳೆಯ ಪ್ರಾಯದಲ್ಲಿ ತೀರಿಹೋಗುತ್ತಿದ್ದರು. ಹಾಗಿದ್ದೂ ರೋಗ ನಶಿಸಲಿಲ್ಲವೇಕೆ? ಹೊಸ ಉತ್ಪರಿವರ್ತನೆಗಳಿಂದ ಅದು ಮತ್ತೆಮತ್ತೆ ಹುಟ್ಟುತ್ತಿರುವುದೇ ಕಾರಣವೆಂದು ಹಾಲ್ಡೇನರು 1935ರಲ್ಲಿ ತೋರಿಸಿ, ಆ ಬದಲಾವಣೆ ಒಂದು ತಲೆಮಾರಿನಲ್ಲಿ ಸುಮಾರು 50,000ಕ್ಕೆ ಒಂದರಂತೆ ಸಂಭವಿಸುವುದೆಂದು ಅಂದಾಜು ಮಾಡಿದರು. ಮನುಷ್ಯನ ವಂಶವಾಹಿಯೊಂದರ ಬದಲಾವಣೆಯ ವೇಗವನ್ನು ಅಳೆದ ಮೊದಲ ಪ್ರಯತ್ನಗಳಲ್ಲಿ ಇದು ಸೇರಿದೆ. ವಿಕ್ಟೋರಿಯಾ ರಾಣಿಯ ಸಂತತಿಯಲ್ಲಿ ಈ ರೋಗ ಹಬ್ಬಿ, ಮಗ ಲಿಯೋಪೋಲ್ಡನನ್ನೂ, ಮೊಮ್ಮಗಳ ಮಗನಾದ ರಷ್ಯದ ರಾಜಕುಮಾರ ಅಲೆಕ್ಸಿಯನ್ನೂ ಪೀಡಿಸಿದ ಕಥೆಯನ್ನು ಅವರು ಸಾಮಾನ್ಯ ಓದುಗರಿಗಾಗಿ ವಿವರಿಸಿದರು. ಸಿಂಹಾಸನದ ಮೇಲಿನ ರಕ್ತವೂ ಗಣಿಯ ಕೂಲಿಯವನ ರಕ್ತವೂ ಒಂದೇ ನಿಯಮಕ್ಕೆ ಒಳಪಟ್ಟಿವೆಯೆಂಬುದು ಅದರಿಂದ ಸ್ಪಷ್ಟವಾಯಿತು.

ಹುಟ್ಟಲಿರುವ ಮಗುವಿನ ರೋಗವನ್ನು ಮುಂದಾಗಿ ತಿಳಿಯುವ ವಿದ್ಯೆಗೆ ಅಡಿಗಲ್ಲಿಟ್ಟವರಲ್ಲಿಯೂ ಹಾಲ್ಡೇನರು ಒಬ್ಬರೆಂಬುದನ್ನು ಮರೆಯಲಾಗದು. ಹಿಮೋಫಿಲಿಯದ ವಂಶವಾಹಿಯೂ ವರ್ಣಾಂಧತೆಯ ವಂಶವಾಹಿಯೂ ಒಂದೇ ವರ್ಣತಂತುವಿನ ಮೇಲೆ ಸಮೀಪದಲ್ಲಿದ್ದು ಜೊತೆಯಾಗಿ ಸಾಗುವುವೆಂದು 1937ರಲ್ಲಿ ಅವರೂ ಜೂಲಿಯಾ ಬೆಲ್ ಅವರೂ ಸೇರಿ ತೋರಿಸಿದರು. ಸುಲಭವಾಗಿ ಗುರುತಿಸಬಹುದಾದ ಒಂದು ಲಕ್ಷಣದ ಸಹಾಯದಿಂದ ಅಡಗಿರುವ ಇನ್ನೊಂದನ್ನು ಊಹಿಸುವ ಮಾರ್ಗ ಇದರಿಂದ ತೆರೆಯಿತು. ಇಂದಿನ ಗರ್ಭಸ್ಥ ಶಿಶು ಪರೀಕ್ಷೆಗಳ ಬೇರುಗಳಲ್ಲಿ ಒಂದು ಇಲ್ಲಿದೆ. ಪರೀಕ್ಷೆಯನ್ನಾಗಲಿ, ತಿಳಿದು ನಡೆಯುವ ತಂದೆತಾಯಿಯರ ಸ್ವಂತ ನಿರ್ಧಾರವನ್ನಾಗಲಿ ಅವರು ಹಳಿಯಲಿಲ್ಲ. ಅನುವಂಶಿಕತೆ ಮತ್ತು ರಾಜಕೀಯವನ್ನು ಕುರಿತು 1938ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವರು ವಿರೋಧಿಸಿದುದು ರಾಜ್ಯಶಕ್ತಿಯ ಬಲಾತ್ಕಾರವನ್ನು ಮತ್ತು ಒಂದು ವರ್ಗವನ್ನೋ ಜನಾಂಗವನ್ನೋ ಹುಟ್ಟಿನಿಂದಲೇ ಕೀಳೆಂದು ತೀರ್ಮಾನಿಸುವ ದುಡುಕನ್ನು. ಮರುವರ್ಷ ಎಡಿನ್‌ಬರೋ ನಗರದ ಅಂತರರಾಷ್ಟ್ರೀಯ ಸಮ್ಮೇಳನದ ಸಂದರ್ಭದಲ್ಲಿ ಹರ್ಮನ್ ಮುಲ್ಲರರು ಮುಖ್ಯವಾಗಿ ರಚಿಸಿದ ಪ್ರಣಾಳಿಕೆಗೆ ಅವರೂ ಸಹಿ ಹಾಕಿದರು. ಎಲ್ಲ ಮಕ್ಕಳಿಗೂ ಸಮಾನವಾದ ಅವಕಾಶ ದೊರೆಯುವ ಮೊದಲು ಯಾರ ಹುಟ್ಟುಗುಣ ಮೇಲು, ಯಾರದು ಕೀಳು ಎಂದು ಹೋಲಿಸುವುದಕ್ಕೆ ಆಧಾರವಿಲ್ಲವೆಂಬುದು ಅದರ ಮುಖ್ಯ ವಿಚಾರಗಳಲ್ಲೊಂದು. ಅದೇ ವರ್ಷ ಜರ್ಮನಿಯಲ್ಲಿ ಅಂಗವಿಕಲರನ್ನೂ ಮನೋರೋಗಿಗಳನ್ನೂ ಕೊಲ್ಲುವ ಕಾರ್ಯ ಪ್ರಾರಂಭವಾಯಿತು. ಸಂತಾನಹರಣದಿಂದ ಹೊರಟ ದಾರಿ ಅಲ್ಲಿಗೆ ತಲುಪಿತ್ತು.

ಹಾಲ್ಡೇನರ ವಿಚಾರಗಳಲ್ಲಿ ಅತ್ಯಂತ ದೂರಗಾಮಿಯಾದುದು 1948-49ರಲ್ಲಿ ಬಂದಿತು. ಥಲಸ್ಸೀಮಿಯ ಎಂಬ ಕ್ರೂರವಾದ ರಕ್ತರೋಗ ಮೆಡಿಟರೇನಿಯನ್ ತೀರದ ಜನರಲ್ಲಿ ಅಷ್ಟು ಹೆಚ್ಚಾಗಿರುವುದೇಕೆ ಎಂಬುದು ಅಂದಿನ ಒಗಟು. ಇಬ್ಬರಿಂದಲೂ ದೋಷ ಪಡೆದ ಮಗು ನರಳಿ ಸಾಯುವುದು ನಿಜ. ಆದರೆ ಒಬ್ಬರಿಂದ ಮಾತ್ರ ಪಡೆದವರಿಗೆ ಅದು ಮಲೇರಿಯ ಜ್ವರದಿಂದ ರಕ್ಷಣೆ ಕೊಡುತ್ತಿರಬಹುದೆಂದು ಅವರು ಸೂಚಿಸಿದರು. 1954ರಲ್ಲಿ ಆಂಥೊನಿ ಆಲಿಸನ್ನರು ಪೂರ್ವ ಆಫ್ರಿಕದಲ್ಲಿ ಸಿಕಲ್ ಸೆಲ್ ರಕ್ತಹೀನತೆಯ ವಿಷಯದಲ್ಲಿ ಇಂಥದೇ ಸಂಬಂಧವನ್ನು ಕಂಡುಹಿಡಿದರು. ಕೆಂಪು ರಕ್ತಕಣಗಳು ಕುಡುಗೋಲಿನ ಆಕಾರಕ್ಕೆ ಬಾಗುವ ಆ ರೋಗವು ನೀಲಗಿರಿಯ ಗಿರಿಜನರಲ್ಲಿಯೂ, ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳ ಕಾಡಂಚಿನ ಜನರಲ್ಲಿಯೂ ಇದೆ. ಹೀಗೆ ಒಂದು ಪರಿಸರದಲ್ಲಿ ಶಾಪವಾದುದು ಇನ್ನೊಂದರಲ್ಲಿ ಕವಚವಾಗಿರಬಹುದು. ಪರಿಸರ ಬದಲಾದರೆ ದೋಷದ ಅರ್ಥವೂ ಬದಲಾಗುವುದಕ್ಕೆ ಮತ್ತೊಂದು ನಿದರ್ಶನ ಫಿನೈಲ್‌ಕೀಟೊನೂರಿಯ. ನಾರ್ವೆಯ ವೈದ್ಯ ಫೋಲಿಂಗರು 1934ರಲ್ಲಿ ಗುರುತಿಸಿದ ಆ ರೋಗ ಮಗುವಿನ ಬುದ್ಧಿಯನ್ನು ಕುಂಠಿತಗೊಳಿಸುತ್ತಿತ್ತು. 1950ರ ದಶಕದಲ್ಲಿ ವಿಶೇಷವಾದ ಆಹಾರಕ್ರಮ ರೂಢಿಗೆ ಬಂದ ಮೇಲೆ, ಹುಟ್ಟಿದೊಡನೆ ಪತ್ತೆಯಾದ ಮಕ್ಕಳು ಉಳಿದವರಂತೆಯೇ ಬೆಳೆದು ಓದುವಂತಾಯಿತು. ವಂಶವಾಹಿ ಬದಲಾಗಲಿಲ್ಲ, ಬದಲಾದುದು ಊಟ.

ಇಷ್ಟು ತಿಳಿದವರೂ ತಪ್ಪಿಗೆ ಅತೀತರಾಗಿರಲಿಲ್ಲ. ಹಾಲ್ಡೇನರು ಕಮ್ಯುನಿಸ್ಟ್ ಪಕ್ಷದ ಸದಸ್ಯರಾಗಿದ್ದರು. ಸೋವಿಯತ್ ದೇಶದಲ್ಲಿ ಲೈಸೆಂಕೋ ಎಂಬಾತ ರಾಜಕೀಯ ಬಲದಿಂದ ಅನುವಂಶಿಕ ವಿಜ್ಞಾನವನ್ನೇ ತುಳಿದುಹಾಕಿದಾಗ, ಹಾಲ್ಡೇನರು ಪರಿಚಯವಿದ್ದ ಮಹಾವಿಜ್ಞಾನಿ ವಾವಿಲೋವರು 1943ರಲ್ಲಿ ಸೆರೆಮನೆಯಲ್ಲಿ ಸತ್ತ ಮೇಲೆಯೂ, ಅವರು ಸ್ಪಷ್ಟವಾಗಿ ಖಂಡಿಸಲಿಲ್ಲ. ಸಾರ್ವಜನಿಕವಾಗಿ ಲೈಸೆಂಕೋವಿನ ಪರವಾಗಿ ಮಾತನಾಡಿದುದೂ ಉಂಟು. 1950ರ ವೇಳೆಗೆ ಪಕ್ಷದಿಂದ ದೂರವಾದರಾದರೂ ಆ ಮೌನ ಅವರ ಜೀವನದಲ್ಲಿ ಕಲೆಯಾಗಿ ಉಳಿಯಿತು. ಜರ್ಮನಿಯ ಅಧಿಕಾರಶಾಹಿ ವಿಜ್ಞಾನವನ್ನು ತಿರುಚಿದುದನ್ನು ಕಂಡ ಕಣ್ಣಿಗೆ ತಾನು ನಂಬಿದ ರಾಜ್ಯ ಅದನ್ನೇ ಮಾಡಿದುದು ಕಾಣದೆಹೋಯಿತು. ಹುಟ್ಟಲಿರುವವರ ಹಣೆಬರಹವನ್ನು ಎಷ್ಟೇ ದೊಡ್ಡ ವಿಜ್ಞಾನಿಯ ಕೈಗೆ ಒಪ್ಪಿಸಬಾರದೇಕೆ ಎಂಬುದಕ್ಕೆ ಅವರ ಈ ಎಡವಟ್ಟೇ ಸಾಕ್ಷಿ.

1957ರಲ್ಲಿ ಹಾಲ್ಡೇನರು ಪತ್ನಿ, ಜೀವವಿಜ್ಞಾನಿ ಹೆಲೆನ್ ಸ್ಪರ್ವೆಯವರೊಡನೆ ಕಲ್ಕತ್ತೆಗೆ ಬಂದು, ಮಹಾಲನೋಬಿಸರ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸೇರಿದರು. ಧೋತಿ ಜುಬ್ಬ ತೊಟ್ಟು, ಮಾಂಸಾಹಾರವನ್ನು ತ್ಯಜಿಸಿ, 1961ರಲ್ಲಿ ಭಾರತದ ಪೌರತ್ವವನ್ನು ಪಡೆದರು. ಬೆಲೆಬಾಳುವ ಯಂತ್ರಗಳಿಲ್ಲದೆ, ಪ್ರಾಣಿಗಳನ್ನು ಕೊಲ್ಲದೆ, ಕಣ್ಣು ಮತ್ತು ಎಣಿಕೆಗಳಿಂದಲೇ ಉನ್ನತವಾದ ಜೀವವಿಜ್ಞಾನ ಸಾಧ್ಯವೆಂದು ಇಲ್ಲಿನ ತರುಣರಿಗೆ ಕಲಿಸಿದರು. ಅವರ ಶಿಷ್ಯ ಎಸ್. ಕೆ. ರಾಯರು ಬೇರೆಬೇರೆ ತಳಿಯ ಭತ್ತವನ್ನು ಬೆರೆಸಿ ಬೆಳೆದು ಇಳುವರಿ ಹೆಚ್ಚುವುದನ್ನು ಗಮನಿಸಿದರು. ಪಾರಿಜಾತದ ಹೂಗಳ ದಳಗಳನ್ನು ಎಣಿಸಿ, ಒಂದೇ ಮರದ ಹೂಗಳಲ್ಲಿಯೂ ಅವುಗಳ ಸಂಖ್ಯೆ ಒಂದೇ ಅಲ್ಲವೆಂದು ದಾಖಲಿಸಿದರು. ಇನ್ನೊಬ್ಬ ಶಿಷ್ಯ ಕೃಷ್ಣ ದ್ರೋಣಂರಾಜು ಅವರು ಆಂಧ್ರದ ರಕ್ತಸಂಬಂಧದ ವಿವಾಹಗಳನ್ನು ಅಭ್ಯಾಸ ಮಾಡಿದರು. ಸೋದರಮಾವನನ್ನು, ಸೋದರತ್ತೆಯ ಮಗನನ್ನು ಮದುವೆಯಾಗುವ ರೂಢಿ ಕರ್ನಾಟಕದಲ್ಲಿಯೂ ಬಲವಾಗಿತ್ತು. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ಪರೀಕ್ಷೆ ನಡೆದಾಗ ಸುಮಾರು ಮೂರನೆಯ ಒಂದು ಪಾಲು ದಂಪತಿಗಳು ರಕ್ತಸಂಬಂಧಿಗಳಾಗಿದ್ದುದು ಕಂಡುಬಂದಿತು. ಹಾಲ್ಡೇನರು ತಮ್ಮೊಡನೆ ಭಾರತಕ್ಕೆ ತಂದ ಅನುವಂಶಿಕತೆಯ ಪತ್ರಿಕೆಯು 1985ರಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಆಶ್ರಯದಲ್ಲಿ ಮುಂದುವರಿಯಿತು.

1962ರಲ್ಲಿ ಅವರು ಭುವನೇಶ್ವರದಲ್ಲಿ ಹೊಸ ಪ್ರಯೋಗಾಲಯವನ್ನು ಕಟ್ಟತೊಡಗಿದರು. ಅದೇ ವರ್ಷ ಲಂಡನ್ನಿನ ವಿಚಾರಗೋಷ್ಠಿಯೊಂದರಲ್ಲಿ ಹತ್ತು ಸಾವಿರ ವರ್ಷಗಳಾಚೆಯ ಮನುಷ್ಯನನ್ನು ಕುರಿತು ಮಾತನಾಡುತ್ತ, ಒಬ್ಬ ವ್ಯಕ್ತಿಯ ತದ್ರೂಪನ್ನು ಬೆಳೆಸುವುದಕ್ಕೆ ಕ್ಲೋನ್ ಎಂಬ ಪದವನ್ನು ಬಳಸಿದರು. ಕಲ್ಪನೆಯ ಧೈರ್ಯ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಎರಡು ವರ್ಷಗಳಲ್ಲಿ ಕ್ಯಾನ್ಸರ್ ರೋಗ ಅವರನ್ನು ಹಿಡಿಯಿತು. ತಮ್ಮ ರೋಗವನ್ನೇ ಹಾಸ್ಯದ ಕವಿತೆಯಾಗಿ ಬರೆದು, ಉಳಿದವರು ಬೇಗನೆ ವೈದ್ಯರಲ್ಲಿಗೆ ಹೋಗಲೆಂದು ಎಚ್ಚರಿಸಿದರು. 1964ರ ಡಿಸೆಂಬರ್ 1ರಂದು ಅವರು ನಿಧನರಾದರು. ಅವರ ಇಚ್ಛೆಯಂತೆ ದೇಹವನ್ನು ಕಾಕಿನಾಡದ ರಂಗರಾಯ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳ ವ್ಯಾಸಂಗಕ್ಕೆ ಒಪ್ಪಿಸಲಾಯಿತು. ಮನುಷ್ಯನ ಸಂತಾನವನ್ನು ಕುರಿತು ಅಷ್ಟೊಂದು ಚಿಂತಿಸಿದ ಅವರಿಗೆ ಸ್ವಂತ ಮಕ್ಕಳಿರಲಿಲ್ಲ.

ಅವರು ಕಲ್ಪಿಸಿದ ಕಾಲ ಅವರ ನಂತರ ಹತ್ತಿರವಾಯಿತು. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ, ದೇಹದ ಹೊರಗೆ ಫಲಿತವಾದ ಭ್ರೂಣದಿಂದ ಮೊದಲ ಮಗು ಜನಿಸಿತು. 1990ರಲ್ಲಿ, ಗರ್ಭದಲ್ಲಿ ನೆಲೆಗೊಳಿಸುವ ಮೊದಲೇ ಭ್ರೂಣದ ಕೋಶವನ್ನು ಪರೀಕ್ಷಿಸಿ ಆರಿಸುವ ವಿಧಾನ ಲಂಡನ್ನಿನಲ್ಲಿ ಯಶಸ್ವಿಯಾಯಿತು. 2018ರಲ್ಲಿ ಚೀನದ ವಿಜ್ಞಾನಿಯೊಬ್ಬರು ಭ್ರೂಣಗಳ ವಂಶವಾಹಿಯನ್ನೇ ತಿದ್ದಿದುದಾಗಿ, ಅವಳಿ ಹೆಣ್ಣುಮಕ್ಕಳು ಹುಟ್ಟಿದುದಾಗಿ ಪ್ರಕಟಿಸಿ ಜಗತ್ತಿನ ಖಂಡನೆಗೂ, ಮರುವರ್ಷ ಸೆರೆವಾಸದ ಶಿಕ್ಷೆಗೂ ಗುರಿಯಾದರು. ನಮ್ಮ ದೇಶದಲ್ಲಿ ಆಯ್ಕೆಯ ವಿದ್ಯೆಯ ಕಹಿಫಲ ಬೇರೆ ರೂಪದಲ್ಲಿ ಬಂದಿತು. ರೋಗ ಪತ್ತೆಗೆಂದು ಬಂದ ಗರ್ಭಪರೀಕ್ಷೆ ಹೆಣ್ಣುಶಿಶುವಿನ ನಿವಾರಣೆಗೆ ಬಳಕೆಯಾಯಿತು. ಅದನ್ನು ನಿಷೇಧಿಸುವ ಕಾನೂನು 1994ರಲ್ಲಿ ಬಂದರೂ, ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡಿಗೆ 1991ರಲ್ಲಿ 945 ಇದ್ದ ಹೆಣ್ಣುಮಕ್ಕಳ ಸಂಖ್ಯೆ 2001ರಲ್ಲಿ 927ಕ್ಕೆ ಇಳಿಯಿತು. ಇಲ್ಲಿ ಯಾವ ಸರ್ವಾಧಿಕಾರಿಯೂ ಆಜ್ಞೆ ಮಾಡಿರಲಿಲ್ಲ, ಮನೆಮನೆಯ ಇಚ್ಛೆಯೇ ಆಜ್ಞೆಯಾಗಿತ್ತು. ಬಲಾತ್ಕಾರವಿಲ್ಲದಿದ್ದರೆ ಸಾಕು, ಆಯ್ಕೆ ನಿರ್ದೋಷವಾಗುವುದೆಂಬ ನಂಬಿಕೆ ಇದರಿಂದ ಅಲುಗಾಡುತ್ತದೆ. ಹಾಲ್ಡೇನರ ಕಾಲದ ಚರ್ಚೆ ಮುಟ್ಟದೆ ಬಿಟ್ಟ ಪ್ರಶ್ನೆ ಇದು.

2023ರ ಜುಲೈ 1ರಂದು ಭಾರತ ಸರ್ಕಾರವು ಸಿಕಲ್ ಸೆಲ್ ನಿರ್ಮೂಲನ ಕಾರ್ಯಕ್ರಮವನ್ನು ಪ್ರಾರಂಭಿಸಿ, 7 ಕೋಟಿ ಜನರ ರಕ್ತಪರೀಕ್ಷೆಯ ಗುರಿಯನ್ನಿಟ್ಟುಕೊಂಡಿತು. ನರಳುವ ಮಕ್ಕಳ ಕಷ್ಟವನ್ನು ತಪ್ಪಿಸುವ ಇಂಥ ಕಾರ್ಯ ಸರ್ವಥಾ ಸ್ವಾಗತಾರ್ಹ. ಆದರೆ ವಾಹಕನೆಂದು ಚೀಟಿ ಪಡೆದ ಹುಡುಗನನ್ನೋ ಹುಡುಗಿಯನ್ನೋ ಊರಿನವರು ಕಳಂಕಿತರೆಂದು ಕಂಡರೆ, ಮದುವೆಯ ಮಾತು ಬಂದಾಗ ದೂರವಿಟ್ಟರೆ, ರೋಗಕ್ಕಿಂತಲೂ ಕ್ರೂರವಾದ ಮತ್ತೊಂದನ್ನು ಹುಟ್ಟಿಸಿದಂತಾಗುವುದು. ಅಲ್ಲಿ ವೈದ್ಯನಷ್ಟೇ ಅಗತ್ಯವಾದವನು ಶಾಲೆಯ ಉಪಾಧ್ಯಾಯ. ಆ ಮಕ್ಕಳ ಪೂರ್ವಜರನ್ನು ಮಲೇರಿಯದಿಂದ ಉಳಿಸಿದ ಗುಣವೇ ಅದು ಎಂಬುದನ್ನು ಅವನು ತರಗತಿಯಲ್ಲಿ ತಿಳಿಸಬಲ್ಲ. ಪ್ರತಿಯೊಬ್ಬರೂ ಯಾವುದಾದರೊಂದು ದೋಷವನ್ನು ಅರಿಯದೆಯೇ ಹೊತ್ತಿರುವರೆಂಬ ಲೆಕ್ಕವನ್ನು ಹಲಗೆಯ ಮೇಲೆ ಮಾಡಿ ತೋರಿಸಬಲ್ಲ. ಹುಟ್ಟಿನಿಂದ ಯಾರನ್ನೂ ಅಳೆಯಲಾಗದೆಂದು ಶರಣರಿಂದ ಕೇಳಿ ಬೆಳೆದವರಿಗೆ ಆ ಲೆಕ್ಕದ ಉತ್ತರ ಅಪರಿಚಿತವೆನಿಸಲಾರದು.

ಮಗುವನ್ನು ರೂಪಿಸುವ ಕನಸಿನಿಂದ ಹೊರಟ ಹಾಲ್ಡೇನರು ತಲುಪಿದುದು ಮಕ್ಕಳು ಬೆಳೆಯುವ ಲೋಕವನ್ನು ಮೊದಲು ತಿದ್ದಬೇಕೆಂಬ ನಿಲುವಿಗೆ. ಆ ಕೆಲಸಕ್ಕೆ ಪ್ರಯೋಗಶಾಲೆಯ ಅಪ್ಪಣೆ ಬೇಕಿಲ್ಲ. ಶಾಲೆಯ ಬಾಗಿಲಿಗೆ ಬಂದ ಪ್ರತಿಯೊಂದು ಮಗುವನ್ನೂ ಒಳಗೆ ಕರೆದು ಕೂರಿಸುವುದರಿಂದಲೇ ಅದು ಪ್ರಾರಂಭವಾಗುತ್ತದೆ.